ಕಬಡ್ಡಿ ಪಂದ್ಯದ ವರದಿ ಮಾಡೋದು ಹೇಗೆ? ಕಾಲೇಜು ವಿದ್ಯಾರ್ಥಿಗಳಿಗೆ ಇಲ್ಲಿದೆ ಪೂರ್ತಿ ಮಾಹಿತಿ

ಹೋಬಳಿ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟ ಶುರುವಾದ್ರೆ ಗೆದ್ದ ತಂಡದ ಫೋಟೊ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಹರಿದಾಡುತ್ತೆ. ಆದರೆ ಎಷ್ಟು ಅಂಕದಲ್ಲಿ ಗೆದ್ದರು, ಎದುರಾಳಿ ಯಾರು, ಆಟ ತಿರುಗಿದ್ದು ಯಾವಾಗ ಅಂತ ಕೇಳಿದ್ರೆ ಯಾರ ಬಳಿಯೂ ಉತ್ತರ ಇರಲ್ಲ. ಕ್ರೀಡಾ ವರದಿ ಕಲಿಯಬೇಕು ಅನ್ನೋ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆ ಪಾಠಶಾಲೆ ಇಲ್ಲ.

ಪಂದ್ಯಕ್ಕೆ ಮೊದಲು

ಆಟ ಶುರುವಾಗೋ ಅರ್ಧ ಗಂಟೆ ಮುಂಚೆ ಮೈದಾನದಲ್ಲಿರಿ. ತಂಡದ ಪಟ್ಟಿ ಪಿ.ಟಿ. ಮೇಷ್ಟ್ರ ಹತ್ತಿರ ಇರುತ್ತೆ. ಜೆರ್ಸಿ ನಂಬರ್ ಮುಂದೆ ಆಟಗಾರರ ಹೆಸರು, ಇನಿಷಿಯಲ್, ಶಾಲೆ ಬರೆದುಕೊಳ್ಳಿ. ಒಂದೇ ತಂಡದಲ್ಲಿ ಇಬ್ಬರು ಮಂಜುನಾಥ ಇರೋದು ಮಾಮೂಲಿ.

ವರದಿಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ ಕೆಲಸ. ಹಳ್ಳಿ ಶಾಲೆಯ ಹುಡುಗಿಯ ಹೆಸರು ಸುದ್ದಿಯಲ್ಲಿ ಬರೋದು ಬಹುಶಃ ಅದೊಂದೇ ಸಲ. ಅಂಗಡಿಗೆ ಬಂದವರಿಗೆಲ್ಲ ಮೊಬೈಲ್ ತೋರಿಸೋ ಅಪ್ಪನಿಗೆ ಅಲ್ಲಿ ಬೇರೆ ಯಾರದೋ ಹೆಸರು ಕಂಡ್ರೆ ವರದಿ ಎಷ್ಟು ಚೆನ್ನಾಗಿದ್ರೂ ವ್ಯರ್ಥ.

ಅಂಕದ ಲೆಕ್ಕ

ಅಂಕಣದಲ್ಲಿ ಒಂದು ತಂಡಕ್ಕೆ 7 ಮಂದಿ. ಒಂದು ರೈಡ್‌ಗೆ 30 ಸೆಕೆಂಡ್. ಮುಟ್ಟಿ ವಾಪಸ್ ಬಂದ್ರೆ ಮುಟ್ಟಿದ ಪ್ರತಿ ಆಟಗಾರನಿಗೂ 1 ಅಂಕ. ಎದುರು 6 ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದಾಗ ಮಾತ್ರ ಬೋನಸ್ ಸಿಗುತ್ತೆ. 3 ಅಥವಾ ಕಡಿಮೆ ಜನ ಇದ್ದು ರೈಡರ್‌ನ ಹಿಡಿದರೆ ಸೂಪರ್ ಟ್ಯಾಕಲ್, 2 ಅಂಕ. ಇಡೀ ತಂಡ ಔಟಾದ್ರೆ ಲೋನಾ, ಎದುರಾಳಿಗೆ 2 ಅಂಕ ಹೆಚ್ಚುವರಿ. ಪಂದ್ಯದ ಅವಧಿ ವಯೋಮಿತಿಗೆ ತಕ್ಕಂತೆ ಬದಲಾಗುತ್ತೆ, ಅಂಪೈರ್ ಬಳಿ ಮೊದಲೇ ಕೇಳಿಕೊಳ್ಳಿ.

ಪಂದ್ಯ ಮುಗಿದ ಕೂಡಲೇ ಸ್ಕೋರ್ ಶೀಟ್ ಫೋಟೊ ತೆಗೆದುಕೊಳ್ಳಿ. ರೈಡ್, ಟ್ಯಾಕಲ್, ಲೋನಾ, ಇತರೆ ಅಂಕ ಕೂಡಿಸಿ ನೋಡಿ. ಒಟ್ಟು ಸ್ಕೋರ್‌ಗೆ ತಾಳೆ ಆಗದಿದ್ರೆ ಎಲ್ಲೋ ತಪ್ಪಾಗಿದೆ ಅಂತ ಅರ್ಥ.

ಬರೆಯುವಾಗ

ಅತಿಥಿಗಳ ಭಾಷಣ, ಸನ್ಮಾನದಿಂದ ಶುರು ಮಾಡಬೇಡಿ. ಓದುಗರಿಗೆ ಮೊದಲು ಬೇಕಿರೋದು ಫಲಿತಾಂಶ. ಒಂದು ಉದಾಹರಣೆ: 2019ರ ಜನವರಿ 5ರಂದು ಮುಂಬೈನಲ್ಲಿ ನಡೆದ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ 38-33ರಿಂದ ಗುಜರಾತ್ ತಂಡವನ್ನು ಸೋಲಿಸಿ ಮೊದಲ ಬಾರಿ ಚಾಂಪಿಯನ್ ಆಯ್ತು. ಮೊದಲಾರ್ಧದಲ್ಲಿ ಹಿಂದಿದ್ದ ತಂಡವನ್ನು ಗೆಲುವಿನ ದಡ ಸೇರಿಸಿದ್ದು ಪವನ್ ಸೆಹ್ರಾವತ್ ಗಳಿಸಿದ 22 ಅಂಕ. ಎರಡೇ ಸಾಲಲ್ಲಿ ಗೆದ್ದವರು, ಸೋತವರು, ಅಂಕ, ತಿರುವು ಎಲ್ಲಾ ಬಂತು. ತಾಲ್ಲೂಕು ಪಂದ್ಯಕ್ಕೂ ಇದೇ ಅಳತೆ ಸಾಕು.

'ರೋಚಕ', 'ಜಯಭೇರಿ' ಅಂತ ಬರೆಯೋ ಬದಲು ಕೊನೆ ಎರಡು ನಿಮಿಷದಲ್ಲಿ ಏನಾಯ್ತು ಅಂತ ಹೇಳಿ. ಬಾಲಕಿಯರ ಪಂದ್ಯವನ್ನು ಕೊನೆಗೊಂದು ಸಾಲಲ್ಲಿ ಮುಗಿಸಬೇಡಿ, ಅವರೂ ಅಷ್ಟೇ ಬೆವರು ಸುರಿಸಿರ್ತಾರೆ.

ಇವು ಮಕ್ಕಳ ಪಂದ್ಯ ಅನ್ನೋದು ನೆನಪಿರಲಿ

ಕೊನೇ ರೈಡ್‌ನಲ್ಲಿ ಸಿಕ್ಕಿಬಿದ್ದ ಹುಡುಗನಿಂದಲೇ ತಂಡ ಸೋತಿತು ಅಂತ ಬರೆದ್ರೆ ಮಾರನೇ ದಿನ ಅವನು ಶಾಲೆಗೆ ಹೋಗೋದು ಕಷ್ಟ. 'ಕೊನೆಯ ರೈಡ್ ವಿಫಲವಾಯಿತು' ಅಂದ್ರೆ ಸಾಕು, ಸುದ್ದಿ ಸುಳ್ಳಾಗಲ್ಲ. ಗಾಯಗೊಂಡ, ಅಳುತ್ತಿರುವ ಮಕ್ಕಳ ಫೋಟೊ ಹಾಕಬೇಡಿ. ವಯಸ್ಸು ಮುಚ್ಚಿಟ್ಟು ಆಡಿಸಿದ್ದಾರೆ, ಅಂಪೈರ್ ಮೋಸ ಮಾಡಿದ್ರು ಅನ್ನೋ ಮಾತು ಕೇಳಿಬಂದ್ರೆ ಲಿಖಿತ ದೂರು ಇದೆಯಾ ನೋಡಿ, ಎರಡೂ ಕಡೆಯವರನ್ನು, ಸಂಘಟಕರನ್ನು ಮಾತಾಡಿಸಿ. ಅಲ್ಲಿವರೆಗೂ ಅದು ಗಾಳಿ ಮಾತು.

ಕಳಿಸೋ ಮುಂಚೆ ಹೆಸರುಗಳನ್ನು ಇನ್ನೊಮ್ಮೆ ಮೇಷ್ಟ್ರಿಗೆ ಫೋನ್‌ನಲ್ಲಿ ಓದಿ ಹೇಳಿ. ಆಮೇಲೂ ತಪ್ಪು ಕಂಡ್ರೆ ಸುಮ್ಮನೆ ಅಳಿಸಿ ಹಾಕಬೇಡಿ, ತಿದ್ದಿದ್ದೀವಿ ಅಂತ ಕೆಳಗೆ ಬರೆಯಿರಿ. ಮುಂದಿನ ಪಂದ್ಯಕ್ಕೆ ಹೋದಾಗ ಜನ ನಂಬಿ ಮಾತಾಡೋದು ಇದರಿಂದಲೇ.