ಒಂದು ಹೆಸರು, ಹಲವು ಪ್ರತಿ: ಟೊರಾಂಟೊದ ಕರ್ನಲ್ ಸಂಶೋಧನೆ

ಗಣಕದ ಯಂತ್ರಭಾಗಗಳನ್ನು ನೇರವಾಗಿ ಆಳುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎಂದು ಹೆಸರು. ಅದರ ರಚನೆಯಲ್ಲಿ ಒಂದೇ ಹೆಸರಿನ ಮೌಲ್ಯಕ್ಕೆ ಮೆಮೊರಿಯಲ್ಲಿ ಎಷ್ಟು ಪ್ರತಿಗಳಿರಬೇಕೆಂಬ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದೆನಿಸಿದರೂ, ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟಮ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಕಟ್ಟಿದ ವ್ಯವಸ್ಥೆಗಳ ಇತಿಹಾಸವನ್ನು ಈ ಪ್ರಶ್ನೆಯ ಜಾಡಿನಲ್ಲೇ ಓದುತ್ತ ಹೋಗಬಹುದು.

ಸಿ ಭಾಷೆಯಲ್ಲಿ ಫಂಕ್ಷನ್ನಿನೊಳಗೆ ಸ್ಟ್ಯಾಟಿಕ್ ಎಂದು ಘೋಷಿಸಿದ ವೇರಿಯಬಲ್, ಆ ಫಂಕ್ಷನ್ ಮುಗಿದ ಮೇಲೂ ತನ್ನ ಮೌಲ್ಯವನ್ನು ಉಳಿಸಿಕೊಳ್ಳುತ್ತದೆ; ಇನ್‌ಲೈನ್ ಫಂಕ್ಷನ್ ಎಂಬುದು, ಕರೆದ ಜಾಗದಲ್ಲೇ ಕಂಪೈಲರ್ ತುಂಬಿಬಿಡಬಹುದಾದ ಫಂಕ್ಷನ್. ಸ್ಟ್ಯಾಟಿಕ್ ಇನ್‌ಲೈನ್ ಫಂಕ್ಷನ್ ಹೆಡರ್ ಕಡತದಲ್ಲಿದ್ದರೆ, ಆ ಹೆಡರನ್ನು ಸೇರಿಸಿಕೊಂಡು ಬೇರೆಯಾಗಿ ಕಂಪೈಲ್ ಆಗುವ ಒಂದೊಂದು ಕಡತಕ್ಕೂ ಅದರೊಳಗಿನ ಸ್ಟ್ಯಾಟಿಕ್ ವೇರಿಯಬಲ್ಲಿನ ಪ್ರತ್ಯೇಕ ಪ್ರತಿ ಹುಟ್ಟುವುದರಿಂದ, ಒಂದೇ ಎಣಿಕೆ ಎಂದು ಬರೆದದ್ದು ಸದ್ದಿಲ್ಲದೆ ಹಲವಾಗಿ ಒಡೆಯುತ್ತದೆ. ಸಿ ಪ್ಲಸ್ ಪ್ಲಸ್‌ನ ಸಾಮಾನ್ಯ ಇನ್‌ಲೈನ್ ಫಂಕ್ಷನ್ನಿಗಾದರೋ ಇಡೀ ಪ್ರೋಗ್ರಾಮಿಗೆ ಒಂದೇ ಪ್ರತಿ ಎಂಬುದು ನಿಯಮ. ಎರಡೂ ಕಡೆ ಪ್ರತಿಗಳ ಸಂಖ್ಯೆಯನ್ನು ನಿರ್ಧರಿಸುವುದು ಭಾಷೆಯ ವಿಧಿಯೇ ಹೊರತು, ಆ ಮೌಲ್ಯವನ್ನು ಯಾವ ಪ್ರೊಸೆಸರ್ ಬಳಸುತ್ತದೆ ಎಂಬ ವಿಚಾರವಲ್ಲ.

ಟೊರಾಂಟೊದ ತಂಡಕ್ಕೆ ಈ ವಿಚಾರವೇ ಮುಖ್ಯವಾದದ್ದು ಅವರು ತಾವೇ ನಿರ್ಮಿಸಿದ ಯಂತ್ರಗಳಿಂದ. ಮೊಟೊರೊಲಾ 88000 ಸರಣಿಯ ಪ್ರೊಸೆಸರ್‌ಗಳ ಹೆಕ್ಟರ್‌ನಲ್ಲಿಯೂ, ಅದರ ನಂತರ ಬಂದ, ಮಿಪ್ಸ್ ಆರ್4400 ಪ್ರೊಸೆಸರ್‌ಗಳ ನ್ಯೂಮಷೀನ್‌ನಲ್ಲಿಯೂ ಮೆಮೊರಿ ಹಂಚಿಹೋಗಿದ್ದು, ಪ್ರತಿಯೊಂದು ಪ್ರೊಸೆಸರ್‌ಗೂ ಹತ್ತಿರದ ಮೆಮೊರಿ, ದೂರದ ಮೆಮೊರಿ ಎಂಬ ಭೇದವಿತ್ತು. ಇಂಥಲ್ಲಿ ಎಲ್ಲರೂ ಹೆಚ್ಚಿಸುವ ಒಂದೇ ಎಣಿಕೆಯನ್ನಿಟ್ಟರೆ, ಅದನ್ನು ಹೊತ್ತ ಕ್ಯಾಶ್ ಸಾಲು, ಎಂದರೆ ಪ್ರೊಸೆಸರ್ ತನ್ನ ಪಕ್ಕದ ಕಿರು ಮೆಮೊರಿಗೆ ಒಮ್ಮೆಗೇ ತಂದುಕೊಳ್ಳುವ ತುಣುಕು, ಯಂತ್ರದ ಉದ್ದಗಲಕ್ಕೂ ಅಲೆಯುತ್ತಿರುತ್ತದೆ. ಬೆನ್ ಗಾಮ್ಸಾ, ಓರನ್ ಕ್ರೀಗರ್, ಜೊನಾಥನ್ ಅಪಾವೂ ಮತ್ತು ಸ್ಟಮ್ 1999ರಲ್ಲಿ ಪ್ರಕಟಿಸಿದ ಟೊರ್ನಾಡೊ ವ್ಯವಸ್ಥೆ, ಹೊರಗಿನವರಿಗೆ ಒಂದೇ ಆಗಿ ಕಾಣುವ, ಒಳಗೆ ಪ್ರೊಸೆಸರ್‌ಗೊಂದರಂತೆ ಪ್ರತಿನಿಧಿಗಳನ್ನು ಇರಿಸಿಕೊಳ್ಳಬಲ್ಲ ‘ಕ್ಲಸ್ಟರ್ಡ್ ಆಬ್ಜೆಕ್ಟ್’ ಎಂಬ ರಚನೆಯನ್ನು ಮುಂದಿಟ್ಟಿತು. ಎಣಿಕೆ ಹೆಚ್ಚುವಾಗ ಸ್ಥಳೀಯ ಪ್ರತಿ ಮಾತ್ರ ಬದಲಾಗಿ, ಮೊತ್ತ ಕೇಳಿದಾಗಷ್ಟೇ ಎಲ್ಲವನ್ನೂ ಕೂಡಿಸಿದರೆ ಸಾಕಾಗುತ್ತಿತ್ತು. ಪ್ರತಿಗಳ ಸಂಖ್ಯೆಯನ್ನು ವಿನ್ಯಾಸಕಾರನೇ ಬೇಕೆಂದು ಆರಿಸುವ ಈ ಕ್ರಮ ಟೊರಾಂಟೊ ಶಾಲೆಯ ಅತ್ಯಂತ ಬೆಲೆಯುಳ್ಳ ಕಾಣಿಕೆ.

ಕ್ರೀಗರ್ ಐಬಿಎಂನ ವಾಟ್ಸನ್ ಸಂಶೋಧನಾ ಕೇಂದ್ರಕ್ಕೆ ಹೋದ ಬಳಿಕ ಇದೇ ವಿಚಾರ ಕೆ42 ಎಂಬ ವ್ಯವಸ್ಥೆಯಾಗಿ ಮುಂದುವರಿಯಿತು. ಅಲ್ಲಿ ಘಟನೆಗಳ ದಾಖಲೆಗೂ ಪ್ರೊಸೆಸರ್‌ಗೊಂದು ಪ್ರತ್ಯೇಕ ಮೆಮೊರಿ ಜಾಗವಿದ್ದು, ಯಂತ್ರಾಂಶದ ಗಡಿಯಾರದಿಂದ ಓದಿದ ಕಾಲಮುದ್ರೆಯೊಡನೆ, ಇತರರನ್ನು ತಡೆದು ನಿಲ್ಲಿಸುವ ಬೀಗ ಹಾಕದೆಯೇ ನಮೂದು ನಡೆಯುತ್ತಿತ್ತು.

ಇಂಥ ಯಂತ್ರಗಳಲ್ಲಿ ಹೊತ್ತು ಎಲ್ಲಿ ಕಳೆಯುತ್ತದೆ ಎಂದು ಅಳೆಯುವುದೂ ಅಗತ್ಯವಾಗಿತ್ತು. ಪ್ರೊಸೆಸರ್ ಎಷ್ಟು ಚಕ್ರಗಳನ್ನು ಕಳೆಯಿತು, ಯಾವುದಕ್ಕಾಗಿ ಕಾದು ನಿಂತಿತು ಎಂಬುದನ್ನು ಯಂತ್ರಾಂಶವೇ ಎಣಿಸುವ ಕೌಂಟರ್‌ಗಳ ಸಂಖ್ಯೆ ಬಹಳ ಕಡಿಮೆಯಾದ್ದರಿಂದ, ರೆಜಾ ಅಜೀಮಿ, ಸ್ಟಮ್ ಮತ್ತು ರಾಬರ್ಟ್ ವಿಸ್ನೀವ್ಸ್ಕಿ 2005ರಲ್ಲಿ ಅವುಗಳನ್ನು ಸರದಿಯ ಮೇಲೆ ಬಳಸುವ ವಿಧಾನವನ್ನು ತೋರಿಸಿದರು. 2007ರಲ್ಲಿ ಡೇವಿಡ್ ಟ್ಯಾಮ್, ಅಜೀಮಿ ಮತ್ತು ಸ್ಟಮ್ ಪವರ್5 ಯಂತ್ರದ ಕೌಂಟರ್‌ಗಳ ನೆರವಿನಿಂದ, ಒಂದೇ ದತ್ತಾಂಶವನ್ನು ಹಂಚಿಕೊಳ್ಳುವ ಥ್ರೆಡ್‌ಗಳನ್ನು, ಎಂದರೆ ಪ್ರೋಗ್ರಾಮಿನೊಳಗೆ ಏಕಕಾಲದಲ್ಲಿ ಸಾಗುವ ಕೆಲಸದ ಎಳೆಗಳನ್ನು, ಲಿನಕ್ಸ್ ಕರ್ನಲ್ ತಾನಾಗಿ ಗುರುತಿಸಿ ಒಂದೇ ಚಿಪ್‌ಗೆ ಕಳಿಸುವಂತೆ ಮಾಡಿದಾಗ, ಒಂದು ಚಿಪ್‌ನಿಂದ ಇನ್ನೊಂದರ ಕ್ಯಾಶ್‌ಗೆ ಹೋಗಬೇಕಾದ ಸಂದರ್ಭಗಳು ಗರಿಷ್ಠ ಶೇಕಡಾ 70ರಷ್ಟು ಇಳಿದವು, ಒಟ್ಟು ವೇಗ ಗರಿಷ್ಠ ಶೇಕಡಾ 7ರಷ್ಟು ಏರಿತು. ಪ್ರತಿ ಮಾಡಲಾಗದ ದತ್ತಾಂಶವನ್ನು ಇದ್ದಲ್ಲೇ ಬಿಟ್ಟು, ಅದನ್ನು ಬಳಸುವ ಥ್ರೆಡ್‌ಗಳನ್ನೇ ಅದರ ಬಳಿಗೆ ಕರೆತರುವ ದಾರಿ ಇದಾಗಿತ್ತು.