ಶೈಕ್ಷಣಿಕ ಜಿಲ್ಲೆ: ನಿಮ್ಮ ಮಕ್ಕಳ ಶಾಲೆ ಯಾವ ಕಚೇರಿಗೆ ಸೇರುತ್ತದೆ?

ರಾಜ್ಯದಲ್ಲಿ ಕಂದಾಯ ಜಿಲ್ಲೆಗಳು 31. ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಜಿಲ್ಲೆಗಳು 35. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಪಟ್ಟಿಯಲ್ಲಿ ಚಿಕ್ಕೋಡಿ, ಶಿರಸಿ, ಮಧುಗಿರಿ ಹೆಸರುಗಳು ಪ್ರತ್ಯೇಕವಾಗಿ ಕಾಣುವುದು ಇದೇ ಕಾರಣಕ್ಕೆ. ಬೆಳಗಾವಿ, ಉತ್ತರ ಕನ್ನಡ, ತುಮಕೂರು ಜಿಲ್ಲೆಗಳಲ್ಲಿ ತಲಾ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಬೆಂಗಳೂರು ನಗರ ಜಿಲ್ಲೆ ಉತ್ತರ ಮತ್ತು ದಕ್ಷಿಣ ಎಂದು ಎರಡಾಗಿದೆ. ಹೀಗಾಗಿ ನಿಪ್ಪಾಣಿ, ಅಥಣಿ, ಕಾಗವಾಡ ಭಾಗದ ಶಾಲೆಗಳು ಬೆಳಗಾವಿಗಲ್ಲ, ಚಿಕ್ಕೋಡಿಗೆ ಸೇರುತ್ತವೆ.

ಆಡಳಿತದ ಹಂತಗಳು

ಶೈಕ್ಷಣಿಕ ಜಿಲ್ಲೆಯ ಮುಖ್ಯಸ್ಥರು ಉಪನಿರ್ದೇಶಕರು (ಡಿಡಿಪಿಐ). ಅವರ ಕೆಳಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಇರುತ್ತಾರೆ. ಅದಕ್ಕೂ ಕೆಳಗೆ ಹಲವು ಶಾಲೆಗಳ ಒಂದೊಂದು ಕ್ಲಸ್ಟರ್‌ಗೆ ಸಿಆರ್‌ಪಿ. ಸರ್ಕಾರಿ ಶಾಲೆಯಲ್ಲಿ ಪಾಲಕರ ಪ್ರಾತಿನಿಧ್ಯವಿರುವ ಎಸ್‌ಡಿಎಂಸಿ ಇರುತ್ತದೆ. ಅಮೆರಿಕದ ಬಹುತೇಕ ಶಾಲಾ ಜಿಲ್ಲೆಗಳಿಗೆ ಚುನಾಯಿತ ಮಂಡಳಿ ಇದ್ದು, ಸ್ಥಳೀಯ ತೆರಿಗೆಯ ಹಣ ಬರುತ್ತದೆ. ನಮ್ಮ ಶೈಕ್ಷಣಿಕ ಜಿಲ್ಲೆಗೆ ಅಂಥ ಮಂಡಳಿಯೂ ಇಲ್ಲ, ತೆರಿಗೆ ಹಾಕುವ ಅಧಿಕಾರವೂ ಇಲ್ಲ. ಅದು ಇಲಾಖೆಯ ಒಂದು ಆಡಳಿತ ಘಟಕ.

ವಡ್ಡು, ಸಂಡೂರು, ಹೊಸಪೇಟೆ

2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ವಿಜಯನಗರ ಜಿಲ್ಲೆ ರಚಿಸಲಾಯಿತು. ಹಂಪಿ ಸೇರಿದ ಹೊಸಪೇಟೆ ತಾಲ್ಲೂಕು ಹೊಸ ಜಿಲ್ಲೆಗೆ ಬಂತು. ಸಂಡೂರು, ಕಂಪ್ಲಿ ತಾಲ್ಲೂಕುಗಳು ಬಳ್ಳಾರಿಯಲ್ಲೇ ಉಳಿದವು. ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದವರು ಪೇಟೆಗೆಂದು ಹೊಸಪೇಟೆಗೆ ಹೋಗುತ್ತಿದ್ದರೂ ಅಲ್ಲಿನ ಶಾಲೆಯ ವಿಷಯಕ್ಕೆ ಸಂಡೂರಿನ ಬಿಇಒ, ನಂತರ ಬಳ್ಳಾರಿಯ ಡಿಡಿಪಿಐ ಕಚೇರಿಗೇ ಹೋಗಬೇಕು. ಎರಡೂ ಜಿಲ್ಲೆಗಳು ಕಲ್ಯಾಣ ಕರ್ನಾಟಕದಲ್ಲೇ ಇರುವುದರಿಂದ ಸಂವಿಧಾನದ 371(ಜೆ) ವಿಧಿ ಎರಡಕ್ಕೂ ಅನ್ವಯಿಸುತ್ತದೆ.

ಪಾಲಕರು ಗಮನಿಸಬೇಕಾದದ್ದು

* ಶಾಲೆಯ 11 ಅಂಕಿಯ ಯು-ಡೈಸ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಮೊದಲ ಎರಡು ಅಂಕಿ ರಾಜ್ಯವನ್ನು (ಕರ್ನಾಟಕಕ್ಕೆ 29), ನಂತರದ ಎರಡು ಜಿಲ್ಲೆಯನ್ನು, ಆಮೇಲಿನ ಎರಡು ಬ್ಲಾಕ್ ಅನ್ನು ಸೂಚಿಸುತ್ತವೆ.
* ಜೈನ ಸಮುದಾಯಕ್ಕೆ 2014ರಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತ ಸ್ಥಾನ ದೊರೆತಿದೆ. ಆದರೆ ಅಲ್ಪಸಂಖ್ಯಾತ ಪ್ರಮಾಣಪತ್ರವನ್ನು ಬಿಇಒ ಕಚೇರಿ ಕೊಡುವುದಿಲ್ಲ. ಅದು ಕಂದಾಯ ಇಲಾಖೆಯ ಕೆಲಸ, ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು.
* ಕುಟುಂಬ ಬೇರೆ ಜಿಲ್ಲೆಗೆ ಹೋದಾಗ ವರ್ಗಾವಣೆ ಪತ್ರ (ಟಿಸಿ) ತಡವಾಯಿತೆಂದು 8ನೇ ತರಗತಿವರೆಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಇದನ್ನು ಸ್ಪಷ್ಟಪಡಿಸಿದೆ. ನಿರಾಕರಿಸಿದರೆ ಆ ಶಾಲೆ ಇರುವ ತಾಲ್ಲೂಕಿನ ಬಿಇಒ ಅವರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.