ಜರ್ಮನ್ ಸೂಕ್ತಿ ಸಾಹಿತ್ಯ

ಜರ್ಮನ್ ಸೂಕ್ತಿ ಸಾಹಿತ್ಯ ಎಂದರೆ ಜರ್ಮನ್ ಭಾಷೆಯ ಕವಿಗಳು, ವಿಜ್ಞಾನಿಗಳು ಹಾಗೂ ತತ್ತ್ವಜ್ಞಾನಿಗಳು ಮನುಷ್ಯನ ಬದುಕು, ನಡತೆ ಮತ್ತು ಸುಖದುಃಖಗಳನ್ನು ಕುರಿತು ಕಿರುವಾಕ್ಯಗಳ ಅಥವಾ ಕಿರುಗದ್ಯಖಂಡಗಳ ರೂಪದಲ್ಲಿ ಬರೆದ ಚಿಂತನೆಗಳ ಪರಂಪರೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಪಷ್ಟ ರೂಪ ಪಡೆದ ಈ ಪ್ರಕಾರದಲ್ಲಿ ಲಿಖ್ಟೆನ್‌ಬರ್ಗ್, ಗಯಟೆ, ಷೋಪನ್‌ಹೌರ್, ಎಬ್ನರ್-ಎಶೆನ್‌ಬಾಖ್ ಮತ್ತು ನೀಷೆ ಪ್ರಮುಖರು. ಈ ಸೂಕ್ತಿಗಳಲ್ಲಿ ಹಲವು ಲೇಖಕರ ಮರಣಾನಂತರ ಇತರರಿಂದ ಸಂಕಲಿತವಾದವು. ಆದುದರಿಂದ ಒಂದು ಮಾತನ್ನು ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ ಬರೆದರು ಎಂಬ ಪ್ರಶ್ನೆ ಈ ಸಾಹಿತ್ಯದ ಅಧ್ಯಯನದಲ್ಲಿ ಮುಖ್ಯವಾಗಿದೆ.

ಸ್ವರೂಪ ಮತ್ತು ಹಿನ್ನೆಲೆ

ಸೂಕ್ತಿಗೆ ಜರ್ಮನ್ ಭಾಷೆಯಲ್ಲಿ 'ಅಫೋರಿಸ್ಮುಸ್' ಎಂಬ ಹೆಸರಿದೆ. ಇದರ ಮೂಲ ಗ್ರೀಕ್ ಭಾಷೆಯಲ್ಲಿದ್ದು, ಎಲ್ಲೆಯನ್ನು ಗುರುತಿಸುವುದು ಎಂಬ ಅರ್ಥವನ್ನು ಹೊಂದಿದೆ. ಪ್ರಾಚೀನ ವೈದ್ಯ ಹಿಪ್ಪೊಕ್ರೆಟಿಸ್‌ನ ಹೆಸರಿನಲ್ಲಿರುವ ವೈದ್ಯಕೀಯ ಸೂತ್ರಗಳಿಗೆ ಮೊದಲು ಈ ಹೆಸರು ಬಳಕೆಯಾಯಿತು. ಗಾದೆಗೆ ಗೊತ್ತಾದ ಕರ್ತೃವಿರುವುದಿಲ್ಲ. ಅದು ಜನಸಮುದಾಯದ ಸ್ವತ್ತು. ಸೂಕ್ತಿ ಒಬ್ಬ ಲೇಖಕನ ಸ್ವಂತ ಆಲೋಚನೆಯ ಫಲ. ಗಾದೆ ಎಲ್ಲರೂ ಒಪ್ಪಿದ ಅನುಭವವನ್ನು ಹೇಳಿದರೆ, ಸೂಕ್ತಿಯು ಅನೇಕ ವೇಳೆ ಎಲ್ಲರೂ ಒಪ್ಪಿದ್ದನ್ನೇ ಪ್ರಶ್ನಿಸುತ್ತದೆ.

1665ರಲ್ಲಿ ಪ್ರಕಟವಾದ ಫ್ರೆಂಚ್ ಲೇಖಕ ಲಾ ರೋಶ್‌ಫುಕೋ ಅವರ ನೀತಿವಾಕ್ಯಗಳು ಮತ್ತು ಸ್ಪೇನಿನ ಗ್ರಾಸಿಯಾನ್ ಅವರ ವ್ಯವಹಾರ ವಿವೇಕದ ಸೂತ್ರಗಳು ಜರ್ಮನ್ ಲೇಖಕರ ಮೇಲೆ ಪ್ರಭಾವ ಬೀರಿದವು. ಗ್ರಾಸಿಯಾನ್ ಅವರ ಕೃತಿಯನ್ನು ಷೋಪನ್‌ಹೌರ್ ಸ್ವತಃ ಜರ್ಮನ್ ಭಾಷೆಗೆ ಅನುವಾದಿಸಿದರು. ಆ ಅನುವಾದ ಅವರ ನಿಧನದ ನಂತರ 1862ರಲ್ಲಿ ಪ್ರಕಟವಾಯಿತು.

ಲಿಖ್ಟೆನ್‌ಬರ್ಗ್

ಗಿಯೋರ್ಗ್ ಕ್ರಿಸ್ಟೋಫ್ ಲಿಖ್ಟೆನ್‌ಬರ್ಗ್ (1742–1799) ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ವಿದ್ಯುತ್ ವಿಸರ್ಜನೆಯಿಂದ ಮೂಡುವ ಕವಲು ಚಿತ್ರಗಳು ಇಂದಿಗೂ ಅವರ ಹೆಸರಿನಲ್ಲಿಯೇ ಪರಿಚಿತವಾಗಿವೆ. 1765ರ ಸುಮಾರಿನಿಂದ ಸಾಯುವವರೆಗೂ ಅವರು ತಮಗೆ ಹೊಳೆದುದನ್ನೆಲ್ಲ ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಇಂಗ್ಲೆಂಡಿನ ವರ್ತಕರು ದಿನದ ವ್ಯವಹಾರವನ್ನು ಮೊದಲು ಕಚ್ಚಾ ಪುಸ್ತಕದಲ್ಲಿ ಗೀಚಿ, ಅನಂತರ ಖಾತೆಗೆ ಏರಿಸುತ್ತಿದ್ದ ಪದ್ಧತಿಯನ್ನು ಅನುಸರಿಸಿ ಅವರು ಇವುಗಳಿಗೆ 'ಸೂಡೆಲ್‌ಬ್ಯೂಷರ್', ಅಂದರೆ ಕಚ್ಚಾ ಪುಸ್ತಕಗಳು ಎಂಬ ಹೆಸರನ್ನಿಟ್ಟರು.

ಮುಖಲಕ್ಷಣದಿಂದ ಮನುಷ್ಯನ ಗುಣವನ್ನು ಅಳೆಯಬಹುದೆಂಬ ಲಾವಾಟರ್ ಅವರ ವಾದ ಅಂದು ಜನಪ್ರಿಯವಾಗಿತ್ತು. ಲಿಖ್ಟೆನ್‌ಬರ್ಗ್ 1778ರಲ್ಲಿ ಇದನ್ನು ಬಲವಾಗಿ ಖಂಡಿಸಿದರು. ಬಾಲ್ಯದಿಂದಲೂ ಬೆನ್ನು ಗೂನಾಗಿದ್ದ ಅವರಿಗೆ ಹೊರರೂಪವನ್ನು ನೋಡಿ ತೀರ್ಪು ನೀಡುವುದರಲ್ಲಿರುವ ಅನ್ಯಾಯ ಬರಿಯ ಸಿದ್ಧಾಂತದ ವಿಷಯವಾಗಿರಲಿಲ್ಲ. ತಮ್ಮ ಮೂಢನಂಬಿಕೆ, ಸೋಮಾರಿತನ ಮತ್ತು ಕನಸುಗಳನ್ನೂ ಅವರು ವಿಜ್ಞಾನಿಯ ಕಣ್ಣಿನಿಂದಲೇ ಪರೀಕ್ಷಿಸಿದರು. ಈ ಟಿಪ್ಪಣಿಗಳ ಆಯ್ದ ಭಾಗಗಳು ಅವರ ನಿಧನದ ನಂತರವೇ ಬೆಳಕು ಕಂಡವು.

ಗಯಟೆ

ಯೋಹಾನ್ ವೋಲ್ಫ್‌ಗಾಂಗ್ ಫಾನ್ ಗಯಟೆ (1749–1832) ತಮ್ಮ ಸೂಕ್ತಿಗಳಲ್ಲಿ ಕೆಲವನ್ನು ಕಾದಂಬರಿಗಳ ಒಳಗೆ ಸೇರಿಸಿದ್ದರು. 1809ರ ಒಂದು ಕಾದಂಬರಿಯಲ್ಲಿ ಇವು ಒಟ್ಟೀಲಿಯೆ ಎಂಬ ಪಾತ್ರದ ದಿನಚರಿಯಾಗಿ ಬರುತ್ತವೆ. ಉಳಿದವು ಬಿಡಿ ಹಾಳೆಗಳಲ್ಲಿದ್ದವು. ಅವರ ಆಪ್ತರಾದ ಎಕರ್ಮನ್ ಮತ್ತು ರೀಮರ್ ಮರಣಾನಂತರದ ಸಂಪುಟಗಳಲ್ಲಿ ಇವನ್ನು ಒಟ್ಟುಗೂಡಿಸಿದರು. 1907ರಲ್ಲಿ ಮ್ಯಾಕ್ಸ್ ಹೆಕರ್ ಸಿದ್ಧಪಡಿಸಿದ ಆವೃತ್ತಿಯಲ್ಲಿ 1,400ಕ್ಕೂ ಹೆಚ್ಚು ಸೂಕ್ತಿಗಳಿವೆ. ಆತ್ಮಶೋಧನೆಯಲ್ಲಿ ಮುಳುಗಿರುವುದಕ್ಕಿಂತ ಎದುರಿಗಿರುವ ಕರ್ತವ್ಯವನ್ನು ನೆರವೇರಿಸುವುದರಿಂದ ಮನುಷ್ಯ ತನ್ನನ್ನು ಹೆಚ್ಚಾಗಿ ಅರಿಯುತ್ತಾನೆ ಎಂಬುದು ಇವುಗಳಲ್ಲಿ ಮತ್ತೆ ಮತ್ತೆ ಕಾಣುವ ನಿಲುವು.

ಎಕರ್ಮನ್ 1836ರಲ್ಲಿ ಮತ್ತು 1848ರಲ್ಲಿ ಪ್ರಕಟಿಸಿದ ಗಯಟೆಯವರೊಂದಿಗಿನ ಸಂಭಾಷಣೆಗಳೂ ಪ್ರಸಿದ್ಧವಾಗಿವೆ. ಆದರೆ ಅಲ್ಲಿರುವುದು ಎಕರ್ಮನ್ ತಮ್ಮ ಟಿಪ್ಪಣಿ ಮತ್ತು ನೆನಪಿನ ಆಧಾರದಿಂದ ರೂಪಿಸಿದ ಬರಹ. ಗಯಟೆ ತಾವೇ ಬರೆದ ಮಾತುಗಳಲ್ಲ.

ಷೋಪನ್‌ಹೌರ್

ಆರ್ಥರ್ ಷೋಪನ್‌ಹೌರ್ (1788–1860) ಅವರ 'ಜೀವನ ವಿವೇಕದ ಸೂಕ್ತಿಗಳು' ಎಂಬ ಬರಹ 1851ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾದ 'ಪಾರೆರ್ಗಾ ಮತ್ತು ಪಾರಲಿಪೊಮೆನಾ' ಕೃತಿಯ ಭಾಗ. ದಶಕಗಳ ಕಾಲ ಓದುಗರ ಗಮನಕ್ಕೆ ಬಾರದೆ ಇದ್ದ ಅವರಿಗೆ ಖ್ಯಾತಿಯನ್ನು ತಂದದ್ದು ಈ ಕೃತಿಯೇ. ಮನುಷ್ಯನ ಬದುಕಿನ ಭಾಗ್ಯವನ್ನು ಅವರು ಮೂರಾಗಿ ವಿಂಗಡಿಸುತ್ತಾರೆ:

ಒಬ್ಬನು ಏನಾಗಿದ್ದಾನೆ: ಆರೋಗ್ಯ, ಸ್ವಭಾವ, ಬುದ್ಧಿ.
ಒಬ್ಬನ ಬಳಿ ಏನಿದೆ: ಆಸ್ತಿ, ಸಂಪತ್ತು.
ಇತರರ ಕಣ್ಣಿನಲ್ಲಿ ಒಬ್ಬನು ಏನು: ಗೌರವ, ಪದವಿ, ಕೀರ್ತಿ.

ಇವುಗಳಲ್ಲಿ ಮೊದಲನೆಯದೇ ಸುಖದ ನಿಜವಾದ ಆಧಾರ, ಆದರೆ ಜನರು ಹೆಚ್ಚಾಗಿ ಉಳಿದೆರಡರ ಬೆನ್ನು ಹತ್ತುತ್ತಾರೆ ಎಂಬುದು ಅವರ ವಾದ. ಅದೇ ಕೃತಿಯ ಎರಡನೆಯ ಸಂಪುಟದಲ್ಲಿ ಮುಳ್ಳುಹಂದಿಗಳ ದೃಷ್ಟಾಂತವಿದೆ. ಚಳಿಗೆ ಒತ್ತೊತ್ತಾಗಿ ಕೂರುವ ಮುಳ್ಳುಹಂದಿಗಳು ಪರಸ್ಪರರ ಮುಳ್ಳು ಚುಚ್ಚಿ ದೂರ ಸರಿಯುತ್ತವೆ. ಮತ್ತೆ ಚಳಿಯಾಗಿ ಹತ್ತಿರ ಬರುತ್ತವೆ. ಕೊನೆಗೆ ಸಹಿಸಬಹುದಾದ ಒಂದು ಅಂತರವನ್ನು ಕಂಡುಕೊಳ್ಳುತ್ತವೆ. ಮನುಷ್ಯರ ನಡುವೆ ಸೌಜನ್ಯವೇ ಆ ಅಂತರ.

ಬದುಕು ಮೂಲತಃ ದುಃಖಮಯವೆಂದು ಸಾಧಿಸಿದ ತತ್ತ್ವಜ್ಞಾನಿಯೇ ಸುಖವಾಗಿ ಬಾಳುವ ಬಗೆಯನ್ನು ಬರೆದದ್ದು ವಿರೋಧಾಭಾಸವೆನಿಸಬಹುದು. ಇಲ್ಲಿ ತಾವು ತಮ್ಮ ಮುಖ್ಯ ದರ್ಶನದ ನೆಲೆಯನ್ನು ಬಿಟ್ಟು ಸಾಮಾನ್ಯ ಲೋಕವ್ಯವಹಾರದ ನೆಲೆಯಿಂದ ಬರೆಯುತ್ತಿರುವುದಾಗಿ ಷೋಪನ್‌ಹೌರ್ ಪೀಠಿಕೆಯಲ್ಲಿಯೇ ತಿಳಿಸಿದ್ದಾರೆ. ಬಿಡಿಬಿಡಿಯಾಗಿ ಉಲ್ಲೇಖಿಸುವಾಗ ಈ ಎಚ್ಚರಿಕೆ ಮರೆಯಾಗುತ್ತದೆ.

ಎಬ್ನರ್-ಎಶೆನ್‌ಬಾಖ್

ಮರೀ ಫಾನ್ ಎಬ್ನರ್-ಎಶೆನ್‌ಬಾಖ್ (1830–1916) ಮೊರಾವಿಯಾದಲ್ಲಿ ಜನಿಸಿದ ಆಸ್ಟ್ರಿಯಾದ ಲೇಖಕಿ. 1880ರಲ್ಲಿ ಪ್ರಕಟವಾದ ಅವರ ಸೂಕ್ತಿ ಸಂಗ್ರಹವು ಪುರುಷರೇ ತುಂಬಿದ್ದ ಈ ಪ್ರಕಾರದಲ್ಲಿ ವಿಶಿಷ್ಟ ಸ್ಥಾನವನ್ನು ಪಡೆದಿದೆ. ದಯೆ, ವೃದ್ಧಾಪ್ಯ, ಅಹಂಕಾರ ಮತ್ತು ಸ್ತ್ರೀಯರ ವಿದ್ಯಾಭ್ಯಾಸ ಅವರ ಮುಖ್ಯ ವಸ್ತುಗಳು. ಹೆಣ್ಣು ಅಕ್ಷರ ಕಲಿತದ್ದೇ ಸ್ತ್ರೀಸಮಾನತೆಯ ಪ್ರಶ್ನೆಗೆ ಮೂಲವೆಂಬ ಅಭಿಪ್ರಾಯವನ್ನು ಅವರು ವ್ಯಕ್ತಪಡಿಸಿದ್ದಾರೆ. 1900ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅಲ್ಲಿ ಈ ಗೌರವ ಪಡೆದ ಮೊದಲ ಮಹಿಳೆ ಅವರು.

ನೀಷೆ

ಫ್ರೆಡ್ರಿಕ್ ನೀಷೆ (1844–1900) ತೀವ್ರ ತಲೆನೋವು ಮತ್ತು ಕಣ್ಣಿನ ತೊಂದರೆಯಿಂದ ಬಳಲುತ್ತಿದ್ದರು. 1879ರಲ್ಲಿ ಬಾಸೆಲ್ ವಿಶ್ವವಿದ್ಯಾಲಯದ ಹುದ್ದೆಯನ್ನು ತೊರೆದರು. 1878ರ 'ಮಾನವೀಯ, ಅತಿ ಮಾನವೀಯ' ಕೃತಿಯಿಂದ ಆರಂಭಿಸಿ ಅವರು ತಮ್ಮ ಹಲವು ಗ್ರಂಥಗಳನ್ನು ಸೂಕ್ತಿಗಳ ರೂಪದಲ್ಲಿಯೇ ರಚಿಸಿದರು. ಸೂಕ್ತಿಯನ್ನು ಓದಿದ ಮಾತ್ರಕ್ಕೆ ಅದು ಅರ್ಥವಾದಂತಲ್ಲ, ಹಸುವಿನಂತೆ ಮೆಲುಕು ಹಾಕುವ ಅಭ್ಯಾಸ ಓದುಗನಿಗೆ ಬೇಕು ಎಂಬ ಭಾವವನ್ನು 1887ರ ಒಂದು ಗ್ರಂಥದ ಮುನ್ನುಡಿಯಲ್ಲಿ ಅವರು ವ್ಯಕ್ತಪಡಿಸಿದ್ದಾರೆ.

1889ರ ಜನವರಿಯಲ್ಲಿ ಅವರು ಮಾನಸಿಕ ಸ್ವಾಸ್ಥ್ಯವನ್ನು ಕಳೆದುಕೊಂಡರು. ಅವರ ನಿಧನದ ಮರುವರ್ಷ, 1901ರಲ್ಲಿ, ಅಪ್ರಕಟಿತ ಟಿಪ್ಪಣಿಗಳನ್ನು ಆಯ್ದು ಜೋಡಿಸಿದ 'ಅಧಿಕಾರದ ಸಂಕಲ್ಪ' ಎಂಬ ಪುಸ್ತಕ ಅವರ ಹೆಸರಿನಲ್ಲಿ ಹೊರಬಂದಿತು. ತಂಗಿ ಎಲಿಜಬೆತ್ ಫರ್ಸ್ಟರ್-ನೀಷೆ ಸ್ಥಾಪಿಸಿದ್ದ ಸಂಗ್ರಹಾಲಯ ಇದನ್ನು ಸಿದ್ಧಪಡಿಸಿತ್ತು. 1906ರಲ್ಲಿ ಇದು ಇನ್ನಷ್ಟು ವಿಸ್ತಾರಗೊಂಡಿತು. ಬಹುಕಾಲ ಇದೇ ನೀಷೆಯವರ ಮುಖ್ಯ ಗ್ರಂಥವೆಂದು ಓದಲ್ಪಟ್ಟಿತು. ಇಟಲಿಯ ವಿದ್ವಾಂಸರಾದ ಕೊಲ್ಲಿ ಮತ್ತು ಮೊಂಟಿನಾರಿ 1967ರಿಂದ ಪ್ರಕಟಿಸಿದ ವಿಮರ್ಶಾತ್ಮಕ ಆವೃತ್ತಿಯು ಟಿಪ್ಪಣಿಗಳನ್ನು ಕಾಲಾನುಕ್ರಮದಲ್ಲಿ ನೀಡಿ, ಈ ಪುಸ್ತಕದ ರಚನೆ ನೀಷೆಯವರದಲ್ಲವೆಂಬುದನ್ನು ಸ್ಪಷ್ಟಪಡಿಸಿತು.

ಇಪ್ಪತ್ತನೆಯ ಶತಮಾನ

ವಿಯೆನ್ನಾದ ಕಾರ್ಲ್ ಕ್ರೌಸ್ (1874–1936) ಪತ್ರಿಕಾ ಭಾಷೆಯ ಟೊಳ್ಳುತನವನ್ನು ಸೂಕ್ತಿಗಳ ಮೂಲಕ ಬಯಲು ಮಾಡಿದರು. ಥಿಯೋಡರ್ ಅಡೋರ್ನೊ (1903–1969) ನಾಜಿ ಆಡಳಿತದಿಂದ ಪಾರಾಗಿ ಅಮೆರಿಕದಲ್ಲಿದ್ದಾಗ ಬರೆದ 'ಮಿನಿಮಾ ಮೊರಾಲಿಯಾ' 1951ರಲ್ಲಿ ಪ್ರಕಟವಾಯಿತು. ಸರಿಯಾಗಿ ಬಾಳುವುದನ್ನು ಕಲಿಸುವ ಹಳೆಯ ವಿದ್ಯೆ ಯುದ್ಧ ಮತ್ತು ನರಮೇಧದ ನಂತರ ಇನ್ನೂ ಸಾಧ್ಯವೇ ಎಂಬುದು ಅದರ ಕೇಂದ್ರ ಪ್ರಶ್ನೆ.

ತಪ್ಪು ಹೆಸರಿನಲ್ಲಿ ಪ್ರಚಲಿತವಾದ ಮಾತುಗಳು

ಬರ್ಲಿನ್ನಿನ ಶಿಕ್ಷಕ ಗಿಯೋರ್ಗ್ ಬ್ಯೂಷ್‌ಮನ್ 1864ರಲ್ಲಿ ಪ್ರಚಲಿತ ಉಕ್ತಿಗಳ ಮೂಲವನ್ನು ತಿಳಿಸುವ ಕೋಶವೊಂದನ್ನು ಪ್ರಕಟಿಸಿದರು. ಅನೇಕ ಆವೃತ್ತಿಗಳನ್ನು ಕಂಡ ಈ ಕೋಶದ ನಂತರವೂ ತಪ್ಪು ಹೆಸರಿನ ಉಕ್ತಿಗಳು ಪ್ರಚಾರದಲ್ಲಿ ಉಳಿದಿವೆ. ನಾಳೆ ಪ್ರಳಯವಾಗುವುದಾದರೂ ಇಂದು ಸೇಬಿನ ಗಿಡವನ್ನು ನೆಡುವೆನೆಂಬ ಅರ್ಥದ ಮಾತನ್ನು ಮಾರ್ಟಿನ್ ಲೂಥರ್ ಹೇಳಿದರೆಂಬ ನಂಬಿಕೆಯಿದೆ. ಲೂಥರ್ ತೀರಿಕೊಂಡದ್ದು 1546ರಲ್ಲಿ. ಈ ಮಾತಿನ ತಿಳಿದಿರುವ ಮೊದಲ ಲಿಖಿತ ದಾಖಲೆ 1944ರದು. ಧೈರ್ಯದಿಂದ ಕಾರ್ಯವನ್ನು ಆರಂಭಿಸಬೇಕೆಂದು ಹೇಳುವ, ಗಯಟೆಯವರದೆನ್ನಲಾದ ಪ್ರಸಿದ್ಧ ಸಾಲುಗಳು ಐರ್ಲೆಂಡಿನ ಜಾನ್ ಆನ್‌ಸ್ಟರ್ 1835ರಲ್ಲಿ ಮಾಡಿದ 'ಫೌಸ್ಟ್' ನಾಟಕದ ಸ್ವತಂತ್ರ ಅನುವಾದದಿಂದ ಬಂದವು.

ಕರ್ತೃ ಬೇರೆಯಾದ ಮಾತ್ರಕ್ಕೆ ಇಂತಹ ಮಾತುಗಳ ಅರ್ಥ ಸುಳ್ಳಾಗುವುದಿಲ್ಲ. ಆದರೆ ಅವು ಹುಟ್ಟಿದ ಕಾಲ ತಿಳಿದಾಗ ಅವುಗಳ ತೂಕ ಬದಲಾಗುತ್ತದೆ. ಸೇಬಿನ ಗಿಡದ ಮಾತನ್ನು ಹದಿನಾರನೆಯ ಶತಮಾನದ ಧರ್ಮಸುಧಾರಕನ ವಾಣಿಯೆಂದು ಓದುವುದು ಬೇರೆ. ಯುದ್ಧದಿಂದ ನಾಶವಾಗುತ್ತಿದ್ದ 1944ರ ಜರ್ಮನಿಯಲ್ಲಿ ಜನರು ಹಿಡಿದುಕೊಂಡ ಭರವಸೆಯೆಂದು ಓದುವುದು ಬೇರೆ.